ಪುಕ್ಕದ ಸೋಫಾ ಮತ್ತು ಅಕ್ಕನ ಕಾಲು

ಆ ಸೋಫಾದ ಬೆಲೆ ನನ್ನ ನಾಲ್ಕು ತಿಂಗಳ ಸಂಬಳ. ಗಂಡನ ಸಂಬಳದಲ್ಲಿ ಲೆಕ್ಕ ಹಾಕಿದರೆ ಎರಡೂವರೆ ತಿಂಗಳು. ಅದೇ ಅಳತೆಯ ಸ್ಪಂಜಿನ ಸೋಫಾ ಇದರ ಮೂರನೇ ಒಂದು ಭಾಗಕ್ಕೆ ಸಿಗುತ್ತಿತ್ತು. ಇದರೊಳಗಿದ್ದದ್ದು ಬಾತುಕೋಳಿಯ ಎದೆಯ ನವಿರಾದ ಪುಕ್ಕ. ಬಾತುಕೋಳಿಗೆ ಅದು ಹುಟ್ಟಿನಿಂದಲೇ ಬಂದದ್ದು, ದುಡ್ಡು ಕೊಡಬೇಕಾದದ್ದು ನಾವು. ಸಾಗಣೆಯ ಖರ್ಚು ಬೇರೆ. ನಮ್ಮ ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಹೊರುವವರಿಗೆ ಮಹಡಿಗೆ ಇಷ್ಟು ಎಂದು ಕೊಡಬೇಕು. ಬೇಡವೆಂದು ವಾಪಸ್ ಕಳಿಸಿದರೆ ಇಳಿಸುವುದಕ್ಕೂ ಅಷ್ಟೇ. ಇಳಿಯುವುದು ಸುಲಭ ತಾನೇ ಎಂದು ನನ್ನ ಗಂಡ ವಾದ ಮಾಡಿ ನೋಡಿದರು. ನಡೆಯಲಿಲ್ಲ.

ಇಷ್ಟು ಹಣ ಸುರಿಯುವ ಮನೆಯೇನಲ್ಲ ನಮ್ಮದು. ನಾನು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮಂಡಿಯೂರಿ ಕಂಡವರ ಕಾಲಿಗೆ ಚಪ್ಪಲಿ ತೊಡಿಸುವುದು, ಏಳುವುದು, ಇನ್ನೊಂದು ಡಬ್ಬ ತರುವುದು, ಮತ್ತೆ ಮಂಡಿಯೂರುವುದು. ಇವರು ಬಸ್ ಓಡಿಸುತ್ತಾರೆ. ಹಗಲೆಲ್ಲ ಕೂತಿರುತ್ತಾರೆ, ಮನೆಗೆ ಬಂದ ಮೇಲೆ ಸುಸ್ತಾಯಿತೆಂದು ಕೂರುತ್ತಾರೆ. ಸೋಫಾ ಬೇಕಾಗಿದ್ದು ನಮ್ಮಿಬ್ಬರಿಗಲ್ಲ, ಇವರ ಅಕ್ಕನಿಗೆ.

ನಮ್ಮ ಜೊತೆಯಲ್ಲೇ ಇರುವ ಅವರನ್ನು ನಾನೂ ಅಕ್ಕ ಎಂದೇ ಕರೆಯುವುದು. ದೊಡ್ಡ ಹೋಟೆಲೊಂದರಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಮಾಡುತ್ತಿದ್ದವರು. ಹುಡುಗಿಯಾಗಿದ್ದಾಗ ಇಸ್ತ್ರಿ ಮೇಜಿನ ಮುಂದೆ ನಿಂತವರು ನಿವೃತ್ತಿಯ ದಿನ ಪಕ್ಕಕ್ಕೆ ಸರಿದರು. ಆ ಕೋಣೆಯಲ್ಲಿ ಕುರ್ಚಿಯೇ ಇರಲಿಲ್ಲವಂತೆ. ನಿಂತು ನಿಂತು ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು. ಎಡಗಾಲಿನ ಹರಡಿನ ಪಕ್ಕ ಒಂದು ಹುಣ್ಣಾಗಿ, ತಿಂಗಳುಗಟ್ಟಲೆ ಮಾಯದೆ ಕೂತಿತ್ತು. ಅಕ್ಕನ ಮೈಯಲ್ಲಿ ಕೂತದ್ದು ಅದೊಂದೇ.

ಡಾಕ್ಟರು ಪಟ್ಟಿ ಬಿಚ್ಚಿ ನೋಡಿ ತಲೆಯಾಡಿಸಿದರು.

"ಮುಲಾಮು ಹಚ್ಚೋದು ಆಮೇಲೆ. ಮೊದಲು ಕಾಲು ಚಾಚಿ, ಮೇಲಿಟ್ಕೊಂಡು ಕೂರ್ಬೇಕಮ್ಮ. ಹಗಲೆಲ್ಲ. ಇಲ್ದಿದ್ರೆ ಮುಂದಿನ ತಿಂಗಳು ಆಸ್ಪತ್ರೆಗೆ ಸೇರಿಸಿ, ತೊಡೆಯಿಂದ ಚರ್ಮ ತೆಗೆದು ಇಲ್ಲಿಗೆ ಹಾಕ್ಬೇಕಾಗತ್ತೆ."

"ಆಯ್ತು ಡಾಕ್ಟ್ರೇ, ಇನ್ಮೇಲೆ ಕೂತೇ ಇರ್ತೀನಿ," ಎಂದು ಅಕ್ಕ ನಿಂತುಕೊಂಡೇ ಮಾತು ಕೊಟ್ಟರು. ಪಕ್ಕದಲ್ಲಿ ಕುರ್ಚಿ ಖಾಲಿಯಿತ್ತು.

ಮನೆಗೆ ಬಂದರೆ ಅದೇ ಕಥೆ. ಹಾಸಿಗೆಯಲ್ಲಿ ಒರಗಿಕೊಳ್ಳಿ ಅಂದರೆ, "ಹಗಲು ಹೊತ್ತಲ್ಲಿ ಮಲಗೋಕೆ ನನಗೇನಾಗಿದೆ?" ಹಳೆಯ ಸೋಫಾದಲ್ಲಿ ಕೂರಿ ಅಂದರೆ, "ಸ್ಪ್ರಿಂಗು ಚುಚ್ಚತ್ತೆ ಕಣೇ." ಅದು ಸುಳ್ಳಲ್ಲ. ಅದರಲ್ಲಿ ಚುಚ್ಚದ ಜಾಗ ಒಂದೇ ಇತ್ತು, ಅಲ್ಲಿ ಇವರು ಕೂರುತ್ತಿದ್ದರು. ಎದ್ದು ಜಾಗ ಕೊಟ್ಟರೂ ಅಕ್ಕ ಕೂರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸುತ್ತ, ನಾವು ಕೂತಿರುವುದನ್ನು ನೋಡುತ್ತಿದ್ದರು.

ನೆಪ ಹೇಳಲಾಗದಂಥ ಸೋಫಾ ತಂದರೆ ಕೂರದೆ ಎಲ್ಲಿಗೆ ಹೋಗುತ್ತಾರೆ ಎಂದುಕೊಂಡೆ. ಹಾಗಾಗಿ ಮೂವರೂ ಸೋಫಾ ಅಂಗಡಿಗೆ ಹೋದೆವು. ಸಂಜೆಯೇ ಹೋದೆವು. ಚಪ್ಪಲಿಯನ್ನೂ ಸಂಜೆ ಕೊಳ್ಳಬೇಕು, ಕಾಲು ಊದಿಕೊಂಡಿರುವಾಗ. ಬೆಳಗಿನ ಕಾಲಿಗೆ ಎಲ್ಲ ಚಪ್ಪಲಿಯೂ ಸರಿಹೋಗುತ್ತದೆ.

ಅಂಗಡಿಯ ಮಾರಾಟಗಾರ ಮೆದು ಮಾತಿನ ಮನುಷ್ಯ. ಸೋಫಾದ ಬಗ್ಗೆ ಹೇಳುವಾಗ ದನಿ ತಗ್ಗಿಸುತ್ತಿದ್ದ, ಒಳಗೆ ಯಾರೋ ನಿದ್ದೆ ಮಾಡುತ್ತಿದ್ದಾರೆ ಎಂಬಂತೆ.

"ಮೋಡದ ಮೇಲೆ ಕೂತ ಹಾಗಿರತ್ತೆ ಮೇಡಂ."

ಇವರು ಕೂತರು. ಕೂತವರು ಇಳಿದರು, ಇಳಿಯುತ್ತಲೇ ಹೋದರು. ಮೊಣಕಾಲು ಗಲ್ಲದ ಮಟ್ಟಕ್ಕೆ ಬಂದಾಗ ನಿಂತರು.

"ಹೇಗಿದೆ ರೀ?"

"ಚೆನ್ನಾಗಿದೆ. ಕೈ ಕೊಡು."

ನಾನು ಒಂದು ಕೈ, ಮಾರಾಟಗಾರ ಇನ್ನೊಂದು ಕೈ ಹಿಡಿದು ಎಬ್ಬಿಸಿದೆವು. ಅವರು ಎದ್ದ ಜಾಗದಲ್ಲಿ ಗುಂಡಿ ಹಾಗೇ ಉಳಿಯಿತು. ಸುತ್ತಲೂ ಬಟ್ಟೆ ಮುದುಡಿ ಗೆರೆಗಳು ಬಿದ್ದಿದ್ದವು. ಮಾರಾಟಗಾರ ದಿಂಬನ್ನು ಎರಡೂ ಬದಿಯಿಂದ ತಟ್ಟಿ ಉಬ್ಬಿಸಿ, ಅಂಗೈಯಿಂದ ಸವರಿ ಸರಿಮಾಡಿದ.

"ಪುಕ್ಕದ್ದು ಅಂದ್ರೆ ಇಷ್ಟೇ ಮೇಡಂ. ಎದ್ದಾಗ ಎರಡು ಸಲ ತಟ್ಟಿದ್ರೆ ಸಾಕು, ಹೊಸದರ ಹಾಗೇ."

ಅಕ್ಕ ಅಷ್ಟು ಹೊತ್ತೂ ಬೆರಳುಗಳ ನಡುವೆ ಬಟ್ಟೆಯ ಅಂಚು ಹಿಡಿದು ನೋಡುತ್ತಿದ್ದರು. "ಲಿನನ್ ಬಟ್ಟೆ. ನೋಡಿದ್ರೇ ಸುಕ್ಕು ಬೀಳತ್ತೆ," ಎಂದರು. ಕೂರಿ ಎಂದರೆ, "ನೋಡಿದ್ನಲ್ಲ," ಎಂದರು.

"ಸ್ಪಂಜಿನದೇ ತಗೊಳ್ಳೋಣ ಕಣೇ," ಎಂದು ಇವರು ಕಿವಿಯಲ್ಲಿ ಪಿಸುಗುಟ್ಟಿದರು. "ಒತ್ತಿದ್ರೆ ಚೆಂಡಿನ ಹಾಗೆ ಮೇಲೇಳತ್ತೆ. ಸುಕ್ಕೂ ಇಲ್ಲ, ಸಾಲಾನೂ ಇಲ್ಲ."

"ಅದು ಗಟ್ಟಿ ಅಂತಾರೆ ಅಕ್ಕ. ನೋಡ್ತಿರಿ."

ಮಾರಾಟಗಾರನಿಗೆ ನಮ್ಮ ಮುಖ ಓದಲು ಬರುತ್ತಿತ್ತು. "ಹತ್ತು ದಿನ ಮನೇಲಿಟ್ಕೊಂಡು ನೋಡಿ ಮೇಡಂ. ಬೇಡ ಅನ್ಸಿದ್ರೆ ವಾಪಸ್, ಮುಂಗಡ ಪೂರ್ತಿ ಕೊಡ್ತೀವಿ. ಹೇಗೆ ಕೊಟ್ವೋ ಹಾಗೇ ಬರ್ಬೇಕು ಅಷ್ಟೇ. ಒಂದು ಕಲೆ ಇರಬಾರ್ದು, ಒಂದು ಸುಕ್ಕು ಇರಬಾರ್ದು."

ಸುಕ್ಕು ಎಂಬುದು ಅವನ ಬಾಯಲ್ಲಿ ಮಾತಿನ ಭರಕ್ಕೆ ಬಂದದ್ದು. ಅಕ್ಕನಿಗೆ ಅದು ಕೆಲಸ ಒಪ್ಪಿಸಿದ ಹಾಗೆ ಕೇಳಿಸಿತು. ನಾನು ಆಗಲೇ ಗಮನಿಸಬೇಕಿತ್ತು.

ಸೋಫಾ ಮೂರು ಮಹಡಿ ಹತ್ತಿ ಬಂತು. ಹಳೆಯದನ್ನು ಹೊತ್ತವರಿಗೇ ಕೊಟ್ಟೆವು. ಮೊದಲ ಸಂಜೆ ನಾನು ಕೂತು ಚಹಾ ಕುಡಿದೆ. ಲೋಟ ಇಡಲು ಎದ್ದು ತಿರುಗಿ ನೋಡಿದರೆ ಅಕ್ಕ ದಿಂಬು ತಟ್ಟುತ್ತಿದ್ದರು. ಎರಡೇ ಸಲ ತಟ್ಟಿ ಬಿಡುವವರಲ್ಲ ಅವರು. ದಿಂಬನ್ನು ಎತ್ತಿ ಕುಲುಕಿ, ನಾಲ್ಕೂ ಮೂಲೆ ಎಳೆದು, ಒದ್ದೆ ಬಟ್ಟೆಯಿಂದ ಹಗುರವಾಗಿ ಸವರಿ, ಬಗ್ಗಿ ಕಣ್ಣು ಕಿರಿದು ಮಾಡಿ ಬೆಳಕಿಗೆ ಅಡ್ಡಲಾಗಿ ನೋಡಿದರು. ಆಮೇಲೆ ಇವರು ಕೂತರು, ಎದ್ದರು. ಅಕ್ಕ ಮತ್ತೆ ಬಂದರು. ಇವರು ನೀರು ಕುಡಿಯಲು ಎದ್ದರು. ಅಕ್ಕ ಬಂದರು. ಫೋನು ಹುಡುಕಲು ಎದ್ದರು. ಅಕ್ಕ ಅಲ್ಲೇ ನಿಂತು ಕಾಯುತ್ತಿದ್ದರು.

"ನೀನು ಒಂದ್ಸಲ ಎಲ್ಲ ಕೆಲಸ ಮುಗಿಸ್ಕೊಂಡು ಕೂರಬಾರ್ದಾ?" ಎಂದು ತಮ್ಮನನ್ನು ಗದರಿದರು.

"ಅಕ್ಕ, ಇದು ಕೂರೋಕೆ ತಂದಿರೋದು."

"ಕೂತ್ಕೋ, ಯಾರು ಬೇಡ ಅಂದ್ರು? ಏಳ್ಬೇಡ."

ಹೀಗೆ ನಾಲ್ಕೈದು ದಿನ ಕಳೆಯಿತು. ಮೊದಲು ಅಕ್ಕ ಬಾಗಿಲಿಗೆ ಒರಗಿಯಾದರೂ ನಿಲ್ಲುತ್ತಿದ್ದರು. ಈಗ ಅದಕ್ಕೂ ಪುರುಸೊತ್ತಿರಲಿಲ್ಲ. ನಾನೂ ಇವರೂ ಮಾತಾಡಿಕೊಂಡು ನೆಲದ ಮೇಲೆ ಚಾಪೆ ಹಾಸಿ ಕೂರಲು ಶುರುಮಾಡಿದೆವು. ನಾವು ಕೂರದಿದ್ದರೆ ಸುಕ್ಕಿಲ್ಲ, ಸುಕ್ಕಿಲ್ಲದಿದ್ದರೆ ಅಕ್ಕನಿಗೆ ಕೆಲಸವಿಲ್ಲ ಎಂದು ನಮ್ಮ ಲೆಕ್ಕ. ನಾಲ್ಕು ತಿಂಗಳ ಸಂಬಳದ ಸೋಫಾ ಗೋಡೆಗೆ ಒರಗಿ ಉಬ್ಬಿಕೊಂಡು ಕೂತಿತ್ತು. ನಾವು ಅದರ ಕಾಲ ಬಳಿ ಕೂತು ಊಟ ಮಾಡುತ್ತಿದ್ದೆವು. ಅಕ್ಕ ಅದರ ಪಕ್ಕ ನಿಂತು ಧೂಳು ಹೊಡೆಯುತ್ತಿದ್ದರು.

ಎಂಟನೇ ದಿನ ಪಟ್ಟಿ ಬದಲಿಸಲು ಬಂದ ನರ್ಸಮ್ಮ ಹುಣ್ಣು ನೋಡಿ, ಪಟ್ಟಿ ಕಟ್ಟಿ, ಕೈಚೀಲ ಮುಚ್ಚಿ ನನ್ನನ್ನು ಮೆಟ್ಟಿಲ ಹತ್ತಿರ ಕರೆದರು.

"ದೊಡ್ಡದಾಗಿದೆ. ಕೂರ್ತಾರಾ ಇಲ್ವಾ?"

"ಸೋಫಾ ತಂದಿದೀವಿ," ಎಂದೆ.

"ನಾನು ಕೇಳಿದ್ದು ಅದಲ್ಲ."

ಒಳಗೆ ಬಂದು ಇವರಿಗೆ ಹೇಳಿದೆ. ಇವರು ಗಲ್ಲ ಕೆರೆದುಕೊಂಡರು. "ಅವಳಿಗೆ ವಿಶ್ರಾಂತಿ ಕೊಡ್ಸೋಕೆ ಹೋಗಿ, ದುಡ್ಡು ಕೊಟ್ಟು ಕೆಲಸ ತಂದಿದೀವಿ ಕಣೇ. ಕಳಿಸಿಬಿಡೋಣ." ನನಗೂ ಬೇರೆ ದಾರಿ ಕಾಣಲಿಲ್ಲ. ಅಂಗಡಿಗೆ ಫೋನು ಮಾಡಿದೆ. ಹತ್ತನೇ ದಿನ ಬೆಳಿಗ್ಗೆ ತಾನೇ ಬಂದು ಪರೀಕ್ಷಿಸಿ ತೆಗೆದುಕೊಂಡು ಹೋಗುವುದಾಗಿ ಮಾರಾಟಗಾರ ಮೆದುವಾಗಿ ಹೇಳಿದ.

ಪರೀಕ್ಷಿಸುವುದು ಎಂಬ ಮಾತು ಅಕ್ಕನ ಕಿವಿಗೆ ಬಿದ್ದದ್ದೇ ತಡ, ಸೊಂಟಕ್ಕೆ ಸೆರಗು ಸಿಕ್ಕಿಸಿದರು. ಒಂಬತ್ತನೇ ದಿನ ನಾನು ಚಪ್ಪಲಿ ಅಂಗಡಿಯಿಂದ ಬರುವಷ್ಟರಲ್ಲಿ ಸೋಫಾ ಕನ್ನಡಿಯ ಹಾಗಿತ್ತು. ಅಷ್ಟರಲ್ಲಿ ಇವರೂ ಪಾಳಿ ಮುಗಿಸಿ ಬಂದರು. ಪ್ಯಾಂಟಿನ ತುಂಬ ಬಸ್ಸಿನ ಧೂಳು. ನಾಳೆ ಹೋಗುತ್ತದೆಂದು ಮರೆತರೋ, ಹೋಗುವುದಕ್ಕೆ ಮೊದಲು ಒಂದು ಸಲ ಎನ್ನಿಸಿತೋ, ಸೀದಾ ಹೋಗಿ ಸೋಫಾದ ಕಡೆ ಬೆನ್ನು ತಿರುಗಿಸಿದರು. ಅವರು ಕೂರುವ ರೀತಿ ನಿಮಗೆ ಗೊತ್ತಿಲ್ಲ. ಮೂಟೆ ಇಳಿಸಿದ ಹಾಗೆ.

"ಲೋ! ಬೇಡ!" ಎಂದು ಅಕ್ಕ ಕೂಗಿ, ಅವರಿಗಿಂತ ಮೊದಲು ಹೋಗಿ ನಡುವಿನ ದಿಂಬಿನ ಮೇಲೆ ಕೂತುಬಿಟ್ಟರು.

ಇವರು ಎಡಕ್ಕೆ ಸರಿದರು. ಅಕ್ಕ ಎಡಗಾಲು ಎತ್ತಿ ಆ ದಿಂಬಿನ ಮೇಲೆ ಚಾಚಿದರು. ಬಲಕ್ಕೆ ಸರಿದರು. ಅಕ್ಕ ಬೆನ್ನನ್ನು ಸೋಫಾದ ಬಲಬದಿಯ ಕೈಗೆ ಒರಗಿಸಿ, ಇನ್ನೊಂದು ಕಾಲನ್ನೂ ಮೇಲೆ ತೆಗೆದುಕೊಂಡರು. ಮೂರೂ ದಿಂಬು ಭರ್ತಿಯಾದವು.

"ಸ್ವಲ್ಪ ಸರಿ ಅಕ್ಕ, ಒಂದೇ ನಿಮಿಷ."

"ನಾಳೆ ಬೆಳಿಗ್ಗೆ ಆ ಮನುಷ್ಯ ಬಂದು ನೋಡೋವರೆಗೆ ಇಲ್ಲಿಂದ ಏಳಲ್ಲ. ನೀನು ಮುಟ್ಟಿ ನೋಡು!"

ಇವರು ನನ್ನ ಕಡೆ ನೋಡಿದರು. ನಾನು ತುಟಿ ಬಿಗಿಹಿಡಿದು ಅಡುಗೆಮನೆಗೆ ಹೋದೆ. ಸ್ವಲ್ಪ ಹೊತ್ತಿಗೆ ಅಕ್ಕ ತಮ್ಮ ಕೆಳಗೇ ಸುಕ್ಕು ಬಿದ್ದಿರಬಹುದೇ ಎಂದು ಅನುಮಾನ ಬಂದು ಬಗ್ಗಿ ನೋಡಿದರು. ಕೂತಿರುವಾಗ ಅದು ಕಾಣುವುದಿಲ್ಲ. ಎದ್ದರೆ ಕಾಣುತ್ತದೆ. ಹಾಗಾಗಿ ಏಳಲಿಲ್ಲ. ನಾನು ತಟ್ಟೆ ಅಲ್ಲಿಗೇ ತಂದುಕೊಟ್ಟೆ. ಉಂಡು, ಇವರ ಮೇಲೆ ಒಂದು ಕಣ್ಣಿಟ್ಟುಕೊಂಡೇ ನಿದ್ದೆಹೋದರು.

ಬೆಳಿಗ್ಗೆ ಮಾರಾಟಗಾರ ಬಂದ. ಹೊರುವವರು ಹೊಸಿಲ ಹೊರಗೆ ನಿಂತರು. ಅಕ್ಕ ಆಗಲೇ ಮುಖ ತೊಳೆದು, ಸೋಫಾ ತಟ್ಟಿ ಸರಿಮಾಡಿ, ಇವರು ಸ್ನಾನದಿಂದ ಹೊರಬಂದ ಸದ್ದಿಗೆ ಮತ್ತೆ ಮೂರೂ ದಿಂಬು ಆಕ್ರಮಿಸಿದ್ದರು.

"ಅಮ್ಮ, ಒಂಚೂರು ಏಳ್ತೀರಾ? ನೋಡ್ಕೊಂಡು ತಗೊಂಡು ಹೋಗ್ತೀವಿ."

"ಹೀಗೇ ನೋಡಪ್ಪ."

"ಎದ್ದರೆ ತಾನೇ ನೋಡೋದು?"

"ಎದ್ದರೆ ಸುಕ್ಕು ಕಾಣತ್ತೆ. ಒಂದು ಸುಕ್ಕು ಇರಬಾರ್ದು ಅಂದಿದ್ದು ನೀನೇ. ಆಮೇಲೆ ಮುಂಗಡ ಹಿಡ್ಕೊಂಡ್ರೆ?"

"ಹಿಡ್ಕೊಳ್ಳಲ್ಲ ಅಮ್ಮ."

"ಆಗ ಹಾಗಂದೆ, ಈಗ ಹೀಗಂತೀಯ. ನಿನ್ನ ಯಾವ ಮಾತು ನಂಬ್ಲಿ?"

ಮಾರಾಟಗಾರ ನನ್ನ ಕಡೆ ತಿರುಗಿದ. ನಾನು ಅಕ್ಕನ ಕಾಲಿನ ಕಡೆ ನೋಡುತ್ತಿದ್ದೆ. ಮುಖಕ್ಕಿಂತ ಮೊದಲು ಕಾಲು ನೋಡುವುದು ನನ್ನ ಕಸುಬಿನ ಚಾಳಿ. ಊದಿ ಕಂಬದ ಹಾಗಿದ್ದ ಎಡಗಾಲಿನಲ್ಲಿ ಹರಡಿನ ಮೂಳೆ ಕಾಣುತ್ತಿತ್ತು. ಈ ವರ್ಷ ಅದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಸಂಜೆ, ಒಂದು ರಾತ್ರಿ ಚಾಚಿದ್ದಕ್ಕೇ ಇಷ್ಟು.

"ವಾಪಸ್ ಬೇಡ," ಎಂದೆ. "ನಾವೇ ಇಟ್ಕೋತೀವಿ."

"ನಿನಗೆ ತಲೆ ಕೆಟ್ಟಿದೆಯಾ?" ಎಂದರು ಅಕ್ಕ, ಕಾಲು ಕದಲಿಸದೆ. "ಅಷ್ಟೊಂದು ದುಡ್ಡು!"

"ಹೌದಕ್ಕ. ಅದಕ್ಕೇ ಹೇಳ್ತಿರೋದು. ಅಷ್ಟೊಂದು ದುಡ್ಡಿನ ವಸ್ತು, ನಿಮ್ಮ ತಮ್ಮ ಎರಡೇ ವಾರಕ್ಕೆ ಚಿಂದಿ ಮಾಡ್ತಾರೆ. ಯಾರಾದ್ರೂ ನೋಡ್ಕೋಬೇಕು."

ಅಕ್ಕ ತಮ್ಮನ ಕಡೆ ನೋಡಿದರು. ಇವರು ಟವೆಲು ಸುತ್ತಿಕೊಂಡು ನಿಂತಿದ್ದರು. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೋ ಹೇಳಿಕೊಟ್ಟ ಹಾಗೆ ಸೋಫಾದ ಕಡೆ ಒಂದು ಹೆಜ್ಜೆ ಇಟ್ಟರು.

"ದೂರ ನಿಲ್ಲು!" ಎಂದು ಅಕ್ಕ ಕಾಲನ್ನು ಇನ್ನೂ ಉದ್ದಕ್ಕೆ ಚಾಚಿದರು.

ಆಮೇಲೆ ನಾವು ಅದನ್ನೇ ಪದ್ಧತಿ ಮಾಡಿಕೊಂಡೆವು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಇವರು, "ಬಸ್ಸು ಊರು ಸುತ್ತುವಾಗ ನಡುವೆ ಒಂದ್ಸಲ ಬಂದು ಸ್ವಲ್ಪ ಕೂರ್ತೀನಿ ಅಕ್ಕ," ಎಂದು ಹೇಳಿ ಹೋಗುತ್ತಿದ್ದರು. ಯಾವ ಹೊತ್ತಿಗೆ ಎಂದು ಹೇಳುತ್ತಿರಲಿಲ್ಲ. ಬರುತ್ತಲೂ ಇರಲಿಲ್ಲ. ಅಕ್ಕ ಹಗಲೆಲ್ಲ ಕಾವಲಿರುತ್ತಿದ್ದರು. ಸ್ಪಂಜಿನದನ್ನು ತಂದಿದ್ದರೆ ಯಾರು ಕೂತೆದ್ದರೂ ಅದು ತಾನಾಗಿ ಮೇಲೇಳುತ್ತಿತ್ತು, ಕಾಯುವ ಅಗತ್ಯವಿರುತ್ತಿರಲಿಲ್ಲ, ಅಕ್ಕ ಈಗಲೂ ಬಾಗಿಲಲ್ಲಿ ನಿಂತಿರುತ್ತಿದ್ದರು. ಇದನ್ನು ನಾನು ಇವರಿಗೆ ಹೇಳಿದಾಗ, "ಮೊದಲೇ ಯೋಚಿಸಿ ತಂದವಳ ಹಾಗೆ ಮಾತಾಡ್ಬೇಡ," ಎಂದರು. ಅದೂ ಸರಿಯೇ.

ಹುಣ್ಣು ಮಾಯಲು ಮೂರು ತಿಂಗಳು ಹಿಡಿಯಿತು. ಆಸ್ಪತ್ರೆಗೆ ಸೇರಿಸಬೇಕಾಗಲಿಲ್ಲ, ತೊಡೆಯ ಚರ್ಮ ತೊಡೆಯಲ್ಲೇ ಉಳಿಯಿತು. ಸೋಫಾದ ಕಂತು ಇನ್ನೂ ಬಾಕಿಯಿದೆ. ಮೊದಲು ಅಕ್ಕ ಇಸ್ತ್ರಿ ಮಾಡುತ್ತಿದ್ದ ಇವರ ಅಂಗಿಗಳನ್ನು ಈಗ ಹೊರಗೆ ಕೊಡುತ್ತೇವೆ. ನಾವಿಬ್ಬರೂ ಚಾಪೆಯ ಮೇಲೆ ಕೂರುತ್ತೇವೆ. ಆ ಸೋಫಾದಲ್ಲಿ ನಾನು ಕೂತದ್ದು ಆ ಮೊದಲ ವಾರದಲ್ಲಿ ಮಾತ್ರ. ಮೆತ್ತಗಿತ್ತು.