ಕಾಜಿಕ್‌ನ ಹಾಡಿಗೆ ಹಿಮ್ಮೇಳ

"ಲೋ ಲೋಫರ್, ಅವನು ಹಾಡಿದ್ರೆ ನೀನ್ಯಾಕೋ ಹಲ್ಲು ಕಿರೀತೀಯ? ನನ್ ಬಗ್ಗೆನೇ ತಾನೆ ಆ ಸಾಂಗು?"

ಹಾಲಪ್ಪ ಟ್ಯುಲಿಪ್ ಗಡ್ಡೆಯ ಸಿಪ್ಪೆ ಸುಲಿಯುತ್ತಲೇ ಇದ್ದ. ಡಚ್ಚರ ನಾಡಿನ ನೂರ್ಡ್‌ವೈಕ್ ಹತ್ತಿರದ ಆ ಶೆಡ್ಡಿನಲ್ಲಿ ಕನ್ನಡ ಬಲ್ಲವರು ಇಬ್ಬರೇ. ಗೋಕಾಕ ಕಡೆಯ ಇವನು, ಮತ್ತು ಬೈಯುತ್ತಿದ್ದ ಬೆಂಗಳೂರಿನ ಸೂಪರ್‌ವೈಸರ್ ಮಹಾಬಲೇಶ್ವರ ಅವರು. ಅಷ್ಟುದ್ದದ ಹೆಸರಿಗೆ ನಾಲಿಗೆ ಹೊರಳದೆ ಡಚ್ ಮಾಲೀಕ ಅವರನ್ನು ಮ್ಯಾಕ್ಸ್ ಎನ್ನುತ್ತಿದ್ದ. ಹಾಗೆ ಕರೆದೊಡನೆ ಇವರು ಅವನ ಬಳಿಗೆ ಓಡುತ್ತಿದ್ದರು.

ಹಾಲಪ್ಪ ಮೊದಲು ಪೋಲೆಂಡಿನ ಕೋಳಿ ಫ್ಯಾಕ್ಟರಿಯಲ್ಲಿ ದುಡಿದು, ಅಲ್ಲಿಯ ಏಜೆನ್ಸಿಯ ಮೂಲಕ ಇಲ್ಲಿಗೆ ಬಂದವನು. ಹಾಗಾಗಿ ಪೋಲಿಷ್ ಬರುತ್ತಿತ್ತು. ಬಾರದಿದ್ದರೆ ಈ ಪೀಕಲಾಟವೇ ಇರುತ್ತಿರಲಿಲ್ಲ.

ಕಾಜಿಕ್ ಎಂಬ ಪೋಲಿಷ್ ಮುದುಕ ಏಜೆನ್ಸಿ ಕೊಟ್ಟ ಕ್ಯಾರವಾನಿನಲ್ಲಿ, ಅದೇ ಗಾಲಿಯ ಮನೆಯಲ್ಲಿ, ಅವನ ಜೊತೆಗಾರ. ಪರದೇಶದ ತಮ್ಮ ಬಾಳನ್ನೇ ಗೇಲಿ ಮಾಡಿ ಹಾಡು ಕಟ್ಟುವುದು ಅವನ ಚಟ. ಮಾಲೀಕನ ಕಾರಿಗೆ ಒರಗಿ ಫೋಟೊ ತೆಗೆಸಿ ಊರಿಗೆ ಕಳಿಸುವವನು, ಅದನ್ನು ಚರ್ಚಿನಲ್ಲೆಲ್ಲ ತೋರಿಸಿ ಬೀಗುವ ಅವನವ್ವ, ಎಲ್ಲರೂ ಹಾಡಿಗೆ ಬಂದರು. ಈಚೆಗೆ ಸೂಪರ್‌ವೈಸರೂ ಬಂದಿದ್ದರು. ಸಂಜೆ ಕಾಜಿಕ್ ಹಾಡಿದರೆ ಹಾಲಪ್ಪ ಗೀಗೀ ಪದದ ಹಿಮ್ಮೇಳ ಎತ್ತುತ್ತಿದ್ದ. ಅದೀಗ ಶೆಡ್ಡಿನ ಪೋಲಿಷ್ ಕೆಲಸಗಾರರಿಗೆಲ್ಲ ಬಾಯಿಪಾಠ.

ಏಜೆನ್ಸಿಯ ನಿಯಮ ಸರಳ. ಕೆಲಸ ಹೋದವನ ಹಾಸಿಗೆಯೂ ಅಂದೇ ಹೋಗುತ್ತದೆ. ಮೊನ್ನೆ ಜ್ವರ ಬಂದವನೊಬ್ಬ ಬಸ್ ಸ್ಟಾಪಿನಲ್ಲಿ ಮಲಗಿದ್ದ. ನಿಯಮಕ್ಕೆ ಭೇದಭಾವವಿಲ್ಲ ನೋಡಿ.

ಮಹಾಬಲೇಶ್ವರ ಗಡ್ಡೆ ಸಾಗಿಸುವ ಬೆಲ್ಟ್ ನಿಲ್ಲಿಸಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ಟ್ರಾನ್ಸ್‌ಲೇಟ್ ಮಾಡು. ಹೇಳಿದ್ರೆ ಆ ಮುದುಕ ಔಟ್. ಹೇಳ್ದೇ ಇದ್ರೆ ನೀನು ಔಟ್. ಕನ್ನಡದವನು ಅಂತ ಚಾನ್ಸ್ ಕೊಡ್ತಿದೀನಿ."

ಹಾಲಪ್ಪ ಕಾಜಿಕ್‌ನತ್ತ ನೋಡಿದ. ಅವನು ನೆಲ ನೋಡುತ್ತ ನಿಂತಿದ್ದ.

"ಹಾಡಿಗೆ ಹಾಡೇ ಹೇಳ್ಬೇಕಾಗ್ತದ್ರಿ ಸಾಹೇಬ್ರ. ಆದ್ರ ಇದು ಆ ಮುದುಕಂದಲ್ಲ, ನಂದು."

ಕೈಗವಸು ಕಳಚಿ, ಕಿವಿಗೆ ಕೈಯಿಟ್ಟು ದನಿ ಎತ್ತಿದ.

"ಬೆರಳಾಗ ಕೀಲಿ ಗೊಂಚಲ, ನಮ್ಮ ಮ್ಯಾಲ ಸರದಾರ
ಧಣಿ ಮ್ಯಾಕ್ಸ್ ಅಂದ್ರ ಓಡ್ತಾನ, ಹೆಸರ ಮಾರಿದ ಶೂರ"

ಅರ್ಥವಾದದ್ದು ಒಬ್ಬರಿಗೇ. ಅವರ ಮುಖ ಕಪ್ಪಿಟ್ಟಿತು. ಉಳಿದವರಿಗೆ ಒಂದಕ್ಷರ ತಿಳಿಯಲಿಲ್ಲ, ಆದರೆ ಎಲ್ಲಿ ದನಿಗೂಡಿಸಬೇಕೆಂದು ಗೊತ್ತಿತ್ತು. ಮೊದಲು ಕಾಜಿಕ್, ಆಮೇಲೆ ಇಡೀ ಸಾಲು, "ಗೀಯ ಗೀಯ ಗಾ" ಎಂದಿತು.

"ಬೆಡ್ ಖಾಲಿ ಮಾಡೋ ಬೋಳಿಮಗನೆ! ಬೆಲ್ಟ್ ಸ್ಟಾರ್ಟ್ ಮಾಡ್ರೋ!"

ಯಾರೂ ಸ್ವಿಚ್ಚಿನ ಹತ್ತಿರ ಹೋಗಲಿಲ್ಲ.

"ಬೆಡ್ ಖಾಲಿ ಮಾಡ್ತೀನ್ರಿ," ಎಂದ ಹಾಲಪ್ಪ, ಮತ್ತೆ ಕಿವಿಗೆ ಕೈಯಿಡುತ್ತ. "ಇನ್ನೊಂದು ನುಡಿ ಉಳದೈತಿ. ಕೇಳ್ರಿ, ಮ್ಯಾಕ್ಸ್."