ಕಲ್ಲಿಲ್ಲದೆ ಬೀಸಿದ ಪದ

“ಬಾಳವ್ವನ್ನ ಯಾರ ಕೈಯಾಗ ಇಟ್ಟು ಹೋಗ್ಲಿ?”

ಸಿಂಕಿನ ಮುಂದೆ ನಿಂತು ಮೆಂತ್ಯೆ ಸೊಪ್ಪು ತೊಳೆಯುತ್ತಿದ್ದ ರತ್ನವ್ವ ಅಂದರು. ಯಾರನ್ನೂ ಕೇಳಿದ್ದಲ್ಲ. ಆದರೂ ಮೆಲ್ಬರ್ನಿನ ಟ್ರುಗನಿನಾ ಬಡಾವಣೆಯ ಆ ಅಡುಗೆಮನೆಯಲ್ಲಿ ಮಗಳು ಮಹಾಶ್ವೇತಾಳ ಕಿವಿಗೆ ಅದು ಬಿತ್ತು.

ಬಾಳವ್ವ ಎಂದರೆ ಜೈಲಿನ ಗೆಳತಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ, ಸರ್ಕಾರದ ವಿರುದ್ಧ ಕರಪತ್ರ ಹಂಚಿದರೆಂದು ಇಬ್ಬರನ್ನೂ ವಿಚಾರಣೆಯಿಲ್ಲದೆ ಒಂದೇ ಕೋಣೆಯಲ್ಲಿ ಕೂಡಿಹಾಕಿದ್ದರು. ರತ್ನವ್ವ ಹೊರಗೆ ಬಂದರು. ಬಾಳವ್ವ ಬರಲಿಲ್ಲ.

“ಹಳೇ ಮಾತು ಈಗ್ಯಾಕವ್ವಾ?”

“ಈಗ ಮರಿಯಾಕ ಹತ್ತೇನಿ, ಅದಕ್ಕ.”

ನಿಜ. ಮೊನ್ನೆ ಮೊಮ್ಮಗನನ್ನೇ ಯಾರದೋ ಹೆಸರು ಹಿಡಿದು ಕರೆದಿದ್ದರು.

ಪಕ್ಕದ ಬೀದಿಯ ಶಾಂಭವಿ ಮೈಸೂರಿನವಳು. ಕನ್ನಡ ರೇಡಿಯೋಗೆ ಹಿರಿಯರ ನೆನಪುಗಳನ್ನು ಕೂಡಿಸುವವಳು. ಅವಳ ಮುಂದೆ ಈ ಮಾತು ಬಂತು.

“ಆಂಟಿದು ರೆಕಾರ್ಡ್ ಮಾಡೋಣ ಕಣೆ.”

“ಬ್ಯಾಡ ಶಾಂಭವಿ. ‘ಜೈಲಿಗೆ ಹೋದಾಕಿ ಮಗಳು’ ಅಂತ ಸಾಲ್ಯಾಗ ಅನಿಸಿಕೊಂಡಿದ್ದು ಸಾಕಾಗೇದ. ಇಲ್ಲಿ ಸಬರ್ಬ್ ತುಂಬ ಮತ್ತ ಡಂಗುರ ಹೊಡೀಲ್ಯಾ?”

“ಲೂಟಿ ಹೊಡ್ದು ಒಳಗೆ ಹೋದವ್ರೇ ಹಾರ ಹಾಕಿಸ್ಕೊಂಡು ಹೊರಗೆ ಬರ್ತಾರೆ. ಕರಪತ್ರ ಹಂಚಿದವ್ರಿಗೆ ನಾಚ್ಕೆನಾ?”

ರತ್ನವ್ವ ನಕ್ಕರು. ಮಹಾಶ್ವೇತಾ ನಗಲಿಲ್ಲ. ಆದರೂ ಭಾನುವಾರ ಶಾಂಭವಿ ಬಂದಾಗ, ರೆಕಾರ್ಡ್ ಮಾಡಲು ಅವ್ವನ ಮುಂದೆ ಫೋನಿಟ್ಟು ಕೂತಳು. ಆಡಿಟ್ ಕೆಲಸದವಳ ಚಾಳಿ ಬಿಡುತ್ತದೆಯೇ? ಯಾವ ತಿಂಗಳು? ಯಾವ ಕೋಣೆ? ಜೈಲಿನ ಸಾಹೇಬನ ಹೆಸರೇನು? ರತ್ನವ್ವ ಸೆರಗಿನ ತುದಿ ತಿರುವುತ್ತ ಕೂತರು.

“ನೋಡಿದ್ಯಾ? ಎಲ್ಲಾ ಮರ್ತಾಳ.”

“ಮರೆತಿಲ್ಲ,” ಎಂದಳು ಶಾಂಭವಿ. “ನೀನು ತನಿಖೆ ಮಾಡ್ತಿದ್ದೀಯ. ಹೀಗೆ ಎದುರಿಗೆ ಕೂರಿಸ್ಕೊಂಡು ಇವರನ್ನ ಮೊದಲು ಕೇಳಿದವ್ರು ಯಾರು, ಯೋಚನೆ ಮಾಡು.”

ಮಹಾಶ್ವೇತಾಳ ಮುಖ ಸಣ್ಣದಾಯಿತು. ಶಾಂಭವಿ ಹತ್ತಿರ ಸರಿದಳು. “ಆಂಟಿ, ಅಲ್ಲಿ ಹೊತ್ತು ಹೇಗೆ ಕಳೀತಿದ್ರಿ?”

“ಬೀಸ್ತಿದ್ವಿ.”

“ಬೀಸುಕಲ್ಲು ಕೊಟ್ಟಿದ್ರಾ?”

“ಕಲ್ಲೆಲ್ಲಿದು? ಬರೇ ನೆಲ. ಎದುರಾಬದುರು ಕುಂತು ಸುಮ್ನ ಕೈ ತಿರುವೋದು. ಕಾವಲಿನಾಕಿ ‘ಹುಚ್ಚ ಹಿಡದೈತಿ’ ಅಂತ ನಗ್ತಿದ್ಲು. ಬರಿಯಾಕ ಹಾಳಿ ಇಲ್ಲ, ಪೆನ್ನಿಲ್ಲ. ನಡದದ್ದನ್ನೆಲ್ಲಾ ಪದ ಕಟ್ಟಿ ಬೀಸಿಟ್ವಿ. ಒಬ್ಬಾಕಿ ಎತ್ತಬೇಕು, ಎದುರಿನಾಕಿ ಹಿಡೀಬೇಕು.” ತಮ್ಮ ಅಂಗೈ ನೋಡಿಕೊಂಡು ಅಂದರು: “ಎದುರಿಗೆ ಯಾರೂ ಇಲ್ಲದ ಹೆಂಗ ಎತ್ಲಿ, ಮಗಳ?”

ಮಹಾಶ್ವೇತಾ ಕುರ್ಚಿ ಬಿಟ್ಟು ನೆಲಕ್ಕೆ ಇಳಿದಳು. ಅವ್ವನ ಎದುರು ಕಾಲು ಚಾಚಿ ಕೂತು, ಅವ್ವನ ಮುಷ್ಟಿಯ ಮೇಲೆ ತನ್ನ ಮುಷ್ಟಿ ಇಟ್ಟಳು. ಇಲ್ಲದ ಗೂಟ ಹಿಡಿದು ಎರಡು ಕೈ ಸುತ್ತತೊಡಗಿದವು. ನಿಧಾನವಾಗಿ ದನಿ ಎದ್ದಿತು:

ಜ್ವರದಾಗ ಬಾಳವ್ವ ನೀರ ಬೇಡ್ಯಾಳ ತಾಯಿ
ದೊರೆಗಳ ಬಾಗಿಲಿಗೆ ಕಿವಿಯಿಲ್ಲ, ನನ ಗೆಳತಿ
ಕರೆಕರೆದು ಹರಣ ಬಿಟ್ಟಾಳ

ಕೊನೆಯ ಸಾಲನ್ನು ಮಹಾಶ್ವೇತಾ ಹಿಡಿದಳು. ಕೈ ನಿಲ್ಲಿಸಲಿಲ್ಲ. ಅವ್ವ ಬಾಯಿ ಮುಚ್ಚಿಕೊಂಡದ್ದು ನಾಚಿಕೆಗೆ ಅಂದುಕೊಂಡಿದ್ದೆನಲ್ಲ, ಎದುರಿಗೆ ಕೂರುವವರೇ ಇರಲಿಲ್ಲ ಎಂದು ಅವಳಿಗೆ ಹೊಳೆಯಿತು.

“ಮುಂದ ಏನವ್ವಾ?” ಎಂದಳು. ಅಷ್ಟೇ ಕೇಳಿದಳು. ಹೊತ್ತು ಇಳಿಯುವ ತನಕ ಪದ ಬಂತು.

ಓದುವ ಅಕ್ಕ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಒಬ್ಬರಿರಬಹುದು. ಸುಮ್ಮನಿರುವವರನ್ನು ಮರೆತವರು ಎನ್ನಬೇಡಿ. ತಾರೀಖು ಕೇಳಿ ಕಟಕಟೆಯಲ್ಲಿ ನಿಲ್ಲಿಸಬೇಡಿ. ಅವರು ಒಪ್ಪಿದರೆ ಮಾತ್ರ ಫೋನು ಇಡಿ. ಸೊಪ್ಪು ಸೋಸುತ್ತಲೋ ಬತ್ತಿ ಹೊಸೆಯುತ್ತಲೋ ಜೊತೆಗೆ ಕೂತು, ಅವರ ನುಡಿಯಲ್ಲೇ ಹೇಳಗೊಡಿ. ರೆಕಾರ್ಡ್ ಆದದ್ದರ ಒಂದು ಪ್ರತಿ ಇನ್ನೊಂದು ಮನೆಯಲ್ಲೂ ಇರಲಿ. ಬಾಯಿ ಮುಚ್ಚಿಸಿದವರ ಕಾಲ ಮತ್ತೆ ಬಾರದಿರಬೇಕಾದರೆ ಆ ಕಾಲ ಕಂಡವರ ಮಾತು ಉಳಿಯಬೇಕು. ನಾಳೆ ಅಂತ ತಳ್ಳಬೇಡಿ, ಈ ವಾರವೇ ಕೂರಿ.

ಆಮೇಲೆ ಯಾರಾದರೂ ಆ ಮಾತಿನ ಮೇಲೆ ಕತ್ತರಿ ಆಡಿಸಲು ಬಂದರೆ, ಮಹಾಶ್ವೇತಾಳನ್ನು ನೆನೆಯಿರಿ. ರತ್ನವ್ವನ ಪದ ಕೇಳಲು ಸಿಡ್ನಿಯ ಗಿರಾವೀನ್‌ನ ಕನ್ನಡ ಕೂಟದವರು ತಾಯಿ ಮಗಳಿಬ್ಬರನ್ನೂ ಕರೆಸಿದ್ದರು. ವೇದಿಕೆ ಹತ್ತುವ ಮುಂಚೆ ಕೂಟದ ಹಿರಿಯ ಯೋಗೀಶ ಅಂಕಲ್ ಅವಳನ್ನು ಪಕ್ಕಕ್ಕೆ ಕರೆದರು.

“ಎಲ್ಲಾ ಖುಷಿಯಾಗಿ ಊಟಕ್ಕೆ ಬಂದಿದ್ದಾರಮ್ಮ. ಅಮ್ಮ ಹಾಡ್ಲಿ, ಬೇಡ ಅನ್ನಲ್ಲ. ಆ ಬಾಳವ್ವ ಸತ್ತಿದ್ದೊಂದು ಬಿಟ್ಬಿಡಿ.”

ಮಹಾಶ್ವೇತಾ ಅವ್ವನ ಕೈ ಹಿಡಿದುಕೊಂಡಳು.

“ಇಲ್ಲ ಅಂಕಲ್. ಬಿಡೋದಿಲ್ಲ.”