ಡುಮ್ಮಿಯ ಪಥ್ಯದ ಪುಸ್ತಕ

ನಾನು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ತಕ್ಕಡಿಯಲ್ಲಿ ಹತ್ತು ಗ್ರಾಂ ಆಚೀಚೆಯಾದರೂ ಮುಲಾಜಿಲ್ಲದೆ ದಂಡ ಹಾಕುವವನು. ಯಾವ ಅಂಗಡಿಯವನಿಂದಲೂ ಒಂದು ಲೋಟ ಕಾಫಿ ಕುಡಿದವನಲ್ಲ. ಇದನ್ನು ಕೇಳದವರಿಗೂ ಹೇಳುವ ಚಟ ನನಗಿದೆ.

ನಮ್ಮ ನಾಯಿ ಡುಮ್ಮಿಗೆ ಎಂಟು ವರ್ಷ. ಇಡೀ ದಿನ ಬಿದ್ದುಕೊಂಡೇ ಇರುತ್ತಾಳೆಂದು ರಕ್ತ ಪರೀಕ್ಷೆ ಮಾಡಿಸಿದರೆ, ಕೊಲೆಸ್ಟ್ರಾಲ್ ವಿಪರೀತ ಏರಿತ್ತು. ಪಶುವೈದ್ಯೆ ದಿನಕ್ಕೊಂದು ಮಾತ್ರೆ ಬರೆದುಕೊಟ್ಟು, "ಜಿಡ್ಡು ಒಂದು ಚೂರೂ ಬೇಡ. ತಿಂದಿದ್ದೆಲ್ಲ ಒಂದು ಪುಸ್ತಕದಲ್ಲಿ ಬರೀರಿ" ಎಂದರು. ಅಳತೆಯ ಕೆಲಸವೆಂದ ಮೇಲೆ ನನ್ನನ್ನು ಬಿಟ್ಟು ಇನ್ಯಾರು? ಊಟವನ್ನು ತೂಗಿ, ಗೆರೆ ಎಳೆದು, ಪ್ರತಿ ಪುಟಕ್ಕೂ ಸಹಿ ಹಾಕಿದೆ. ನಾಯಿಯ ಊಟಕ್ಕೆ ಸಹಿ ಹಾಕಿದ ಮಹಾನುಭಾವ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

ಪೀಕಲಾಟವೆಲ್ಲ ಮಾತ್ರೆಯದು. ಮೊದಲ ದಿನ ಬಾಯಿ ತೆರೆಸಿ ನುಂಗಿಸಿದ್ದಕ್ಕೆ ಡುಮ್ಮಿ ಎರಡು ದಿನ ನನ್ನ ಮುಖ ನೋಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಮೂರನೆಯ ದಿನ ಮಾತ್ರೆಯನ್ನು ಗೋಲಿಯಷ್ಟು ಬೆಣ್ಣೆಯಲ್ಲಿ ಹುದುಗಿಸಿ ಕೊಟ್ಟೆ. ಗುಳುಂ! ಬಾಲ ಅಲ್ಲಾಡಿತು. ಜೀವಮಾನದಲ್ಲಿ ಲಂಚ ಮುಟ್ಟದವನು ನಾಯಿಗೆ ಲಂಚ ಕೊಟ್ಟೆ. ಗೋಲಿ ದಿನೇ ದಿನೇ ಬೆಳೆದು ನಿಂಬೆಹಣ್ಣಾಯಿತು. ಪುಸ್ತಕದಲ್ಲಿ ಮಾತ್ರ ಬರೆಯಲಿಲ್ಲ. ಡಬ್ಬದ ತೂಕವನ್ನು ಸರಕಿನ ತೂಕಕ್ಕೆ ಸೇರಿಸಬಾರದೆಂಬುದು ನಮ್ಮ ಇಲಾಖೆಯ ನಿಯಮವಲ್ಲವೇ? ಮಾತ್ರೆ ಸರಕು, ಬೆಣ್ಣೆ ಡಬ್ಬ. ಎಂಥಾ ತಲೆ ನೋಡಿ ನನ್ನದು!

ಎರಡು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆವು. ಕೊಲೆಸ್ಟ್ರಾಲ್ ಇಳಿಯುವ ಬದಲು ಇನ್ನೂ ಏರಿತ್ತು. ವೈದ್ಯೆ ನನ್ನ ಪುಸ್ತಕವನ್ನು ಪುಟ ಬಿಡದೆ ಓದಿದರು.

"ಪಥ್ಯದಲ್ಲಿ ಒಂದು ತಪ್ಪೂ ಇಲ್ಲ. ಹಾಗಾದ್ರೆ ಮಾತ್ರೆನೇ ಸಾಲ್ತಿಲ್ಲ, ಎರಡರಷ್ಟು ಮಾಡ್ಬೇಕು. ಲಿವರ್ ಮೊದಲೇ ಸೋತಿದೆ, ತಡ್ಕೊಳ್ಳುತ್ತೋ ಇಲ್ವೋ ಹೇಳಕ್ಕಾಗಲ್ಲ. ಆದ್ರೆ ಬೇರೆ ದಾರಿ ಇಲ್ಲ."

"ಇವರ ಅಳತೆ ತಪ್ಪೋದೇ ಇಲ್ಲ ಡಾಕ್ಟ್ರೇ," ಎಂದು ನನ್ನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಹೆಮ್ಮೆಪಟ್ಟಳು.

ಮೇಜಿನ ಮೇಲೆ ಕೂತ ಡುಮ್ಮಿ ನನ್ನ ಅಂಗೈ ನೆಕ್ಕುತ್ತಿದ್ದಳು. ವೈದ್ಯೆ ಚೀಟಿ ಬರೆಯತೊಡಗಿದರು. ಬಾಯಿಬಿಟ್ಟರೆ ಮಾನ ಹೋಗುತ್ತದೆ, ಸುಮ್ಮನಿದ್ದರೆ ಡುಮ್ಮಿಯೇ ಹೋಗುತ್ತಾಳೆ.

"ನಿಲ್ಲಿಸಿ ಡಾಕ್ಟ್ರೇ. ದಿನಾ ಬೆಣ್ಣೇಲಿ ಇಟ್ಟು ಕೊಟ್ಟಿದ್ದೀನಿ."

"ಎಷ್ಟು ಬೆಣ್ಣೆ?"

"ತೂಗಿಲ್ಲ."

ಹೆಂಡತಿ ತಲೆ ಚಚ್ಚಿಕೊಂಡಳು. "ನಿಮ್ಮ ಬುದ್ಧಿಗಿಷ್ಟು! ಇನ್ನೊಂದು ಗಳಿಗೆ ಬಾಯಿ ಮುಚ್ಕೊಂಡಿದ್ದಿದ್ರೆ ಅದರ ಜೀವಾನೇ ತೆಗೀತಿದ್ರಲ್ರೀ!"

ವೈದ್ಯೆ ಚೀಟಿ ಹರಿದು ಹಾಕಿ, ಹಳೆಯ ಮಾತ್ರೆಯನ್ನೇ ಮುಂದುವರಿಸಲು ಹೇಳಿದರು.

ಈಗ ಬರೀ ಮಾತ್ರೆ, ಬಾಯಿ ತೆರೆಸಿಯೇ ನುಂಗಿಸುತ್ತೇನೆ. ಮೂರು ತಿಂಗಳಲ್ಲಿ ಕೊಲೆಸ್ಟ್ರಾಲ್ ಅರ್ಧಕ್ಕೆ ಇಳಿದಿದೆ. ನನ್ನ ನೆರಳು ಕಂಡರೆ ಸಾಕು, ಡುಮ್ಮಿ ಮಹಡಿಗೆ ಓಟ ಕೀಳುತ್ತಾಳೆ. ನಾನು ಕೆಳಗೆ ನಿಂತು ಮೆಟ್ಟಿಲು ಎಣಿಸುತ್ತೇನೆ. ಒಟ್ಟು ಹದಿನೆಂಟು. ಒಂದರಲ್ಲೂ ನಿಲ್ಲುವುದಿಲ್ಲ ಅವಳು.